ಚಿತ್ರ ಕಣ್ಣಿಗೆ, ಬೆಲೆ ಅಂಚಿಗೆ

ದುಡ್ಡು ಕೊಟ್ಟು ತಲೆ ಸುತ್ತಿಸಿಕೊಳ್ಳುವವರಲ್ಲಿ ಎರಡು ಬಗೆ. ಜಾತ್ರೆಯಲ್ಲಿ ತೊಟ್ಟಿಲು ಹತ್ತುವವರು ಐದು ನಿಮಿಷಕ್ಕೆ ಇಳಿದು ಮಂಡಕ್ಕಿ ತಿನ್ನುತ್ತಾ ಮನೆಗೆ ಹೋಗುತ್ತಾರೆ. ಕಣ್ಣಿಗೆ ಭ್ರಮೆ ಹುಟ್ಟಿಸುವ ಆಪ್ ಆರ್ಟ್ ಪ್ರಿಂಟು ಕೊಂಡು ಗೋಡೆಗೆ ಹಾಕುವವರಿಗೆ ಇಳಿಯುವ ಮಾತೇ ಇಲ್ಲ. ಲಂಡನ್ನಿಗೆ ಬಂದ ಮೇಲೆ ನಾನು ಈ ಎರಡನೆಯ ಪಂಗಡಕ್ಕೆ ಸೇರಿದೆ.

ನಮ್ಮ ಮನೆಯಲ್ಲಿರುವುದು ವಿಕ್ಟರ್ ವಾಸರೆಲಿಯ ಸ್ಕ್ರೀನ್ ಪ್ರಿಂಟ್. ಇರುವುದು ಬರೀ ಚೌಕ, ಬರೀ ವೃತ್ತ. ಆದರೂ ನಡುವಿನಿಂದ ಒಂದು ಗುಂಡು ಉಬ್ಬಿಕೊಂಡು ಊಟದ ಮೇಜಿನ ಕಡೆಗೇ ಬಂದಂತೆ ಕಾಣುತ್ತದೆ. ಊರಿಂದ ಬಂದ ಅಮ್ಮ ಅದಕ್ಕೆ ಬೆನ್ನು ಹಾಕಿ ಕೂತು ಉಣ್ಣುವುದನ್ನು ರೂಢಿ ಮಾಡಿಕೊಂಡಳು.

"ಇಂಥದ್ದು ಇದೊಂದೇ ಇರೋದೇನೋ?"

"ಇಲ್ಲಮ್ಮ, ಇನ್ನೂರೈವತ್ತು ಇವೆ."

"ಹಾಗಾದ್ರೆ ಕ್ಯಾಲೆಂಡರ್ ಅನ್ನು. ತಾರೀಖಾದ್ರೂ ಹಾಕಿದ್ರೆ ಏಕಾದಶಿ ನೋಡಬಹುದಿತ್ತು."

ಈ ಮಾತು ಕೇಳಿದ್ದರೆ ವಾಸರೆಲಿಗೆ ಸಂತೋಷವೇ ಆಗುತ್ತಿತ್ತು. 1906ರಲ್ಲಿ ಹಂಗೇರಿಯ ಪೇಚ್‌ನಲ್ಲಿ ಹುಟ್ಟಿ, ಪ್ಯಾರಿಸ್ಸಿಗೆ ಬಂದು ಜಾಹೀರಾತಿನ ಚಿತ್ರ ಬರೆದು ಹೊಟ್ಟೆ ಹೊರೆದವನು ಅವನು. ಕಲೆ ಒಬ್ಬ ಸಾಹುಕಾರನ ಗೋಡೆಯಲ್ಲಿ ಕೊಳೆಯಬಾರದು, ಎಲ್ಲರ ಮನೆಗೂ ಹೋಗಬೇಕು ಎಂಬುದು ಅವನ ಹಟ. ಅದಕ್ಕೇ ಪ್ರಿಂಟುಗಳನ್ನು ಧಾರಾಳವಾಗಿ ಹಾಕಿಸಿದ. ವಿಧಾನವೂ ದೇವಲೋಕದ್ದಲ್ಲ, ನಮ್ಮಲ್ಲಿ ಲಗ್ನಪತ್ರಿಕೆಗೆ ಬಳಸುವ ಸ್ಕ್ರೀನ್ ಪ್ರಿಂಟಿಂಗೇ. ಚೌಕಟ್ಟಿಗೆ ಬಿಗಿದ ಬಲೆ, ಬಣ್ಣಕ್ಕೊಂದು ಸ್ಕ್ರೀನು, ರಬ್ಬರ್ ಪಟ್ಟಿಯಲ್ಲಿ ಒಂದು ಎಳೆತ. ಎಲ್ಲರಿಗೂ ಸಿಗಲಿ ಎಂದು ಹೊರಟ ಚಿತ್ರವನ್ನು ಕೆಲವರಿಗೆ ಮಾತ್ರ ಎಂದು ಮಾಡಿದ್ದು ಕೆಳಗಿನ ಅಂಚಿನಲ್ಲಿ ಸಹಿ, ನಂಬರು ಹಾಕುತ್ತಾ ಓಡಾಡಿದ ಪೆನ್ಸಿಲ್.

ನನ್ನ ಪ್ರಿಂಟಿನ ಮೂಲೆಯಲ್ಲಿ 137/250 ಎಂದಿದೆ. 1/250 ಸಿಕ್ಕಿದ್ದರೆ ಜನ್ಮ ಸಾರ್ಥಕ ಎನ್ನುವವರಿದ್ದಾರೆ. ತಾಮ್ರದ ತಗಡನ್ನು ಸೂಜಿಯಲ್ಲಿ ಗೀರಿ ತೆಗೆಯುವ ಡ್ರೈಪಾಯಿಂಟ್ ಪ್ರಿಂಟಿನಲ್ಲಾದರೆ ಅದಕ್ಕೊಂದು ಅರ್ಥವಿದೆ. ಅಚ್ಚು ಹಾಕಿದಂತೆಲ್ಲ ಗೀರಿನ ಅಂಚು ಸವೆದು ಗೆರೆ ಮಂಕಾಗುತ್ತದೆ. ಸ್ಕ್ರೀನ್ ಪ್ರಿಂಟಿನಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಅಂಥ ಭೇದವಿಲ್ಲ. ಮೇಲಾಗಿ ನಂಬರು ಬೀಳುವುದು ಎಲ್ಲ ಹಾಳೆ ಒಣಗಿ ರಾಶಿಯಾದ ಮೇಲೆ. ಈ ಇನ್ನೂರೈವತ್ತರ ಲೆಕ್ಕಕ್ಕೆ ಸೇರದವೂ ಇರುತ್ತವೆ: ಕಲಾವಿದನ ಪಾಲಿನವಕ್ಕೆ 'ಇ.ಎ.', ಮಾರಾಟಕ್ಕಲ್ಲದವಕ್ಕೆ 'ಎಚ್.ಸಿ.' ಎಂಬ ಗುರುತು. ಮಾರಾಟಕ್ಕಲ್ಲ ಎಂದು ಗುರುತು ಹಾಕಿಸಿಕೊಂಡವು ಹರಾಜಿಗೆ ಬರುತ್ತಲೇ ಇರುತ್ತವೆ.

ವಿಮೆಗಾಗಿ ಬೆಲೆ ಕಟ್ಟಿಸಲು ತಜ್ಞರೊಬ್ಬರ ಬಳಿ ಹೋದೆ. ಅವರು ಮೊದಲು ಮಾಡಿದ ಕೆಲಸ ಚಿತ್ರವನ್ನು ಬೋರಲು ಹಾಕಿದ್ದು. ಹಿಂಬದಿಯಲ್ಲಿ ಹಳೆ ಟೇಪಿನ ಕಲೆ, ಅಗ್ಗದ ರಟ್ಟು ತಾಗಿದ್ದ ಕಡೆ ಕಂದು ಗೀಟು ಇದೆಯೇ ಎಂದು ಹುಡುಕಿದರು. ಫ್ರೇಮಿಗೆ ಹೊಂದಲೆಂದು ಯಾರಾದರೂ ಅಂಚು ಕತ್ತರಿಸಿದ್ದಾರೋ ಎಂದು ಪಟ್ಟಿ ಹಿಡಿದು ಅಳೆದರು. ಆಮೇಲೆ ತಿರುಗಿಸಿ, ದೀಪವನ್ನು ಪಕ್ಕದಿಂದ ಓರೆಯಾಗಿ ಬಿಟ್ಟರು. ಎದುರಿನಿಂದ ಕಾಣದಿದ್ದ ಉಗುರಿನ ಗೀರೊಂದು ಕಪ್ಪು ಶಾಯಿಯ ಮೇಲೆ ಮಿಂಚಿತು. ಕೊನೆಗೆ ಭೂತಕನ್ನಡಿ ಹಿಡಿದು ಸಹಿ ನೋಡಿದರು: ಪೆನ್ಸಿಲ್ ಒತ್ತಿದ ಕಡೆ ಕಾಗದ ತುಸು ತಗ್ಗಿ, ಸೀಸದ ಹೊಳಪಿತ್ತು. ಇಷ್ಟು ಹೊತ್ತೂ ನಡುವಿನ ಗುಂಡು ಪಾಪ ಉಬ್ಬುತ್ತಲೇ ಇತ್ತು. ಕೇಳುವವರಿಲ್ಲ.

ನಂಬರಿನ ಮಹಿಮೆ ಇನ್ನೊಬ್ಬ ಆಪ್ ಆರ್ಟ್ ಕಲಾವಿದೆ ಬ್ರಿಜೆಟ್ ರೈಲಿಯ ವಿಷಯದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. 1965ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ನಡೆದ 'ದಿ ರೆಸ್ಪಾನ್ಸಿವ್ ಐ' ಪ್ರದರ್ಶನಕ್ಕೆಂದು ಬಂದ ಆಕೆಗೆ ತನ್ನ ಚಿತ್ರದ ಗೆರೆಗಳು ಅಂಗಡಿಗಳಲ್ಲಿ ಫ್ರಾಕುಗಳಾಗಿ ತೂಗುತ್ತಿದ್ದದ್ದು ಕಂಡು ಮೈಯೆಲ್ಲ ಉರಿಯಿತು. ಗಜಗಟ್ಟಲೆ ಬಟ್ಟೆಗೆ ನಂಬರೂ ಇಲ್ಲ, ಸಹಿಯೂ ಇಲ್ಲ. ಅದೇ ವರ್ಷ ಆಕೆ ಪ್ಲೆಕ್ಸಿಗ್ಲಾಸಿನ ಮೇಲೆ ಅಚ್ಚು ಹಾಕಿಸಿದ 'ಫ್ರಾಗ್ಮೆಂಟ್ಸ್' ಸರಣಿಯಲ್ಲಿ ಒಂದೊಂದಕ್ಕೂ 75 ಪ್ರತಿಗಳಷ್ಟೇ. ಇಂದು ಅವುಗಳ ಬೆಲೆ ಕೇಳಿದರೆ ಸಾಕು, ತಲೆ ತಿರುಗಲು ಚಿತ್ರ ನೋಡಬೇಕಾಗಿಲ್ಲ.

ನನ್ನ ತಜ್ಞರು ಒಂದೇ ಬೆಲೆ ಹೇಳಿ ಕಳಿಸಲಿಲ್ಲ. ಕಳೆದುಹೋದರೆ ಅಂಗಡಿಯಿಂದ ಮತ್ತೊಂದನ್ನು ತರಲು ತಗಲುವುದು ವಿಮೆಯ ಬೆಲೆ, ಅದೇ ದೊಡ್ಡದು. ಹರಾಜಿನಲ್ಲಿ ಕೂಗುವುದು ಅದಕ್ಕಿಂತ ಕಡಿಮೆ. ಕಮಿಷನ್ ಕಳೆದು ನನ್ನ ಕೈಗೆ ಬರುವುದು ಅದಕ್ಕಿಂತಲೂ ಕಡಿಮೆ. ಎಲ್ಲಕ್ಕಿಂತ ಕಡಿಮೆಯದು ಅಮ್ಮ ಕೇಳಿದಾಗ ನಾನು ಹೇಳುವ ಬೆಲೆ.

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು: "ಬೆಳಕು ತಾಗಿದರೆ ಬಣ್ಣ ಮಾಸುತ್ತದೆ. ಆಮ್ಲವಿಲ್ಲದ ಕಾಗದದ ನಡುವೆ ಡ್ರಾಯರಿನಲ್ಲಿಟ್ಟುಬಿಡಿ." ಅಂದರೆ, ಕಣ್ಣನ್ನು ಕೆಣಕಲೆಂದೇ ಹುಟ್ಟಿದ ಚಿತ್ರ ಯಾರ ಕಣ್ಣಿಗೂ ಬೀಳದಿದ್ದಷ್ಟೂ ಬಾಳುತ್ತದೆ. ನಾನು ಗೋಡೆಯ ಮೇಲೆಯೇ ಬಿಟ್ಟಿದ್ದೇನೆ. ವರ್ಷಕ್ಕಿಷ್ಟು ಬೆಲೆ ಇಳಿದರೆ ಅದನ್ನು ನೋಡಿದ್ದಕ್ಕೆ ಕೊಟ್ಟ ಬಾಡಿಗೆ ಎಂದು ಖರ್ಚಿಗೆ ಬರೆದುಕೊಳ್ಳುತ್ತೇನೆ. ಹೇಗೂ ಲಂಡನ್ನಿನ ಬಿಸಿಲಿಗೆ ಬಣ್ಣ ಮಾಸಬೇಕಾದರೆ ಮೊದಲು ಬಿಸಿಲು ಬರಬೇಕಲ್ಲ!