ಕ್ಯಾಚಪ್ ರಾಯರು

ನ್ಯೂಜೆರ್ಸಿಯ ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ಮೇಲೆ ನಮ್ಮ ಎದುರುಮನೆ ರಾಯರು ಯಾರನ್ನೂ ಭೇಟಿಯಾಗುವುದಿಲ್ಲ, 'ಕ್ಯಾಚಪ್' ಆಗುತ್ತಾರೆ. "ಸಂಜೆ ಬರ್ತೀನಿ, ಕ್ಯಾಚಪ್ ಮಾಡೋಣ" ಎಂದು ಮೊದಲ ಸಲ ಅಂದ ದಿನ, ನಮ್ಮಾಕೆ ಬೋಂಡದ ಜೊತೆ ಟೊಮೆಟೊ ಸಾಸಿನ ಬಾಟಲಿಯನ್ನೂ ತಂದು ಅವರ ಮುಂದಿಟ್ಟಳು.

ಇಂಗ್ಲಿಷ್ ಅವರಿಗೆ ಹೊಸದೇನಲ್ಲ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ 'ವಿತ್ ರೆಫರೆನ್ಸ್ ಟು ಯುವರ್ ಲೆಟರ್' ಬರೆದ ಕೈ. ಎಡವಟ್ಟಾಗಿದ್ದು ನ್ಯೂಜೆರ್ಸಿಯಲ್ಲಿ. ಪಕ್ಕದ ಮನೆಯ ಅಮೆರಿಕದ ಹೆಂಗಸು ಭಾನುವಾರ ಊಟಕ್ಕೆ ಕರೆದಾಗ ರಾಯರು ಬಹಳ ವಿನಯದಿಂದ "ಸಾರಿ, ಐ ಯಾಮ್ ಎಂಗೇಜ್ಡ್" ಅಂದರಂತೆ. ಆಕೆ ರಾಯರನ್ನೊಮ್ಮೆ, ಪಕ್ಕದಲ್ಲೇ ನಿಂತಿದ್ದ ಅವರ ಹೆಂಡತಿಯನ್ನೊಮ್ಮೆ ನೋಡಿ, ಅಳುಕುತ್ತಲೇ "ಕಂಗ್ರಾಚುಲೇಷನ್ಸ್" ಅಂದಳಂತೆ. ಮೊಮ್ಮಗಳು ಅವತ್ತೇ ತಾತನಿಗೆ ಪಾಠ ಶುರುಮಾಡಿದಳು.

ಈಗ ನಮಗೆ ಪಾಠ. 'ಔಟ್ ಆಫ್ ಸ್ಟೇಷನ್' ಅನ್ನಕೂಡದು. ಸ್ಟೇಷನ್ ಅಂದರೆ ಕಂಪನಿ ಕಾಲದ ದೊರೆಗಳು ಠಿಕಾಣಿ ಹೂಡಿದ್ದ ಜಾಗ. 'ಔಟ್ ಆಫ್ ಟೌನ್' ಅನ್ನಬೇಕು. 'ಪ್ರೀಪೋನ್' ಅಂತೂ ಬಾಯಲ್ಲಿ ಬರಲೇಬಾರದು. ಪೋಸ್ಟ್‌ಪೋನ್ ಇದ್ದಮೇಲೆ ಅದಕ್ಕೊಂದು ಜೋಡಿ ಬೇಡವೇ ಎನ್ನುವುದು ನನ್ನ ವಾದ. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ ಸ್ವಾಮಿ ಅಂದೆ. "ನಿಘಂಟಲ್ಲಿದ್ರೇನ್ರಿ, ನ್ಯೂಜೆರ್ಸಿಯಲ್ಲಿಲ್ಲ" ಅಂದರು.

ಮೊನ್ನೆ ಮೂಲೆಮನೆ ಅಜ್ಜಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಸತ್ಯನಾರಾಯಣ ಪೂಜೆಗೆ ಕರೆಯಲು ಬಂದರು. ರಾಯರು, "ಈ ಸಲ ಒಂದು ರೇನ್ ಚೆಕ್ ತಗೋತೀನಿ ಅಮ್ಮ" ಅಂದರು.

ಅಜ್ಜಿ ಆಕಾಶ ನೋಡಿದರು. "ಮಳೆ ಬಂದ್ರೂ ಯೋಚನೆ ಇಲ್ಲಪ್ಪ, ಶಾಮಿಯಾನ ಹಾಕಿಸಿದೀವಿ."

ರಾಯರು ಬೇಸ್‌ಬಾಲ್‌ನಿಂದ ಶುರುಮಾಡಿದರು. ಮಳೆಗೆ ಆಟ ನಿಂತರೆ ಜನಕ್ಕೆ ಇನ್ನೊಂದು ದಿನ ಬಂದು ನೋಡಲು ಚೀಟಿ ಕೊಡುತ್ತಿದ್ದರು, 1880ರ ದಶಕದಿಂದಲೂ ಇದೆ, ಆಮೇಲೆ ಅದೇ ಮಾತಿಗೆ ಬಂತು, 'ಇವತ್ತಾಗಲ್ಲ, ಮುಂದೆ ಯಾವಾಗಲಾದರೂ' ಅಂತ. ಅಜ್ಜಿ ಬಟ್ಟಲು ಹಿಡಿದುಕೊಂಡೇ ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಬರಲ್ಲ ಅಂತ ತಾನೆ? 'ನೋಡೋಣ' ಅಂದಿದ್ರೆ ಆಗ್ತಿತ್ತಪ್ಪ."

ಪೂಜೆಯ ದಿನ ರಾಯರು ಮೊದಲನೇ ಪಂಕ್ತಿಯಲ್ಲೇ ಕೂತಿದ್ದರು. ಸಜ್ಜಿಗೆ ಎರಡನೇ ಸಲ ಬಂದಾಗ "ಹಾಕಮ್ಮ, ಇನ್ನೊಂದು ಸ್ವಲ್ಪ" ಅಂದದ್ದು ನನಗೂ ಕೇಳಿಸಿತು.