ಎಷ್ಟು ಕೊಡ್ತದೆ ಸಾ?

ಹುಣಸೂರಿನ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದರೆ ಸಾಕು, ಪೈಪು ಹಿಡಿದ ಹುಡುಗನಿಂದ ಹಿಡಿದು ಹಿಂದೆ ಸ್ಕೂಟಿ ಮೇಲೆ ಕಾಯುತ್ತಿರುವ ಯಜಮಾನರವರೆಗೆ ಎಲ್ಲರದೂ ಒಂದೇ ಪ್ರಶ್ನೆ: ‘ಎಷ್ಟು ಕೊಡ್ತದೆ ಸಾ?’ ಸಂಬಳ ಎಷ್ಟು ಅಂತ ಕೇಳುವ ಮುಂಚೆ ನಮ್ಮ ಕಡೆಯವರು ಯಾವೂರು ಅಂತಲಾದರೂ ವಿಚಾರಿಸುತ್ತಾರೆ. ಮೈಲೇಜಿಗೆ ಆ ಮುಲಾಜೂ ಇಲ್ಲ. ನನ್ನದು 1991ರ ಯೆಜ್ಡಿ ರೋಡ್‌ಕಿಂಗ್. ಅದು ಕೊಡುವ ಜಾತಿಯಲ್ಲ, ತಗೊಳ್ಳುವ ಜಾತಿ.

ಬೆಂಗಳೂರಿನಲ್ಲಿ ಪೋರ್ಷೆ ಇಟ್ಟವರಿಗೆ ರಸ್ತೆಯ ಹಂಪು ಕಾರಿನ ಹೊಟ್ಟೆಗೆ ಉಜ್ಜುವ ಚಿಂತೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕಿನ ಸ್ಪೋರ್ಟ್ಸ್ ಕಾರಿಗೆ ಇರುವುದೇ ಎರಡು ಚಕ್ರ. 250 ಸಿಸಿ, 16 ಕುದುರೆ, ಜೋಡಿ ಸೈಲೆನ್ಸರ್. ಮದರಾಸಿನ ಶೋಲಾವರಂ ರೇಸಿನಲ್ಲಿ ಓಡಿದ ವಂಶ. ಆ ವಂಶದ ಕುಡಿಗೆ ನಾವು ಹಾಲಿನ ಕ್ಯಾನು ಕಟ್ಟಿ ಡೇರಿಗೆ ಓಡಿಸಿದೆವು.

ನಾನು ದಿನಾ ಪಿರಿಯಾಪಟ್ಟಣದ ಶಾಲೆಗೆ ಹೋಗಿಬರುವುದು ಇದರಲ್ಲೇ. ಮೀಟರು 87 ಸಾವಿರದ ಚಿಲ್ಲರೆಯಲ್ಲಿ ನಿಂತು ಒಂಬತ್ತು ವರ್ಷವಾಯಿತು. ಹೊಸ ಕೇಬಲ್ ಹಾಕಿಸಿಲ್ಲ. ನಿಜವಾದ ವಯಸ್ಸು ತಿಳಿದರೆ ಇಬ್ಬರಿಗೂ ಬೇಜಾರು.

ಬೆಳಿಗ್ಗೆ ಏಳೂವರೆಗೆ ಪೂಜೆ ಶುರು. ಪ್ಲಗ್ ಬಿಚ್ಚಿ ತಂತಿ ಬ್ರಶ್ಶಿನಲ್ಲಿ ಉಜ್ಜಬೇಕು. ಪಾಯಿಂಟಿನ ಸಂದಿಗೆ ಎಮರಿ ಕಾಗದದ ಚೂರು ತೂರಿಸಿ ಎರಡು ಸಲ ಎಳೆಯಬೇಕು. ಈ ಗಾಡಿಯಲ್ಲಿ ಗೇರೂ ಕಿಕ್ಕರೂ ಒಂದೇ ಸರಳು: ಒಳಗೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಬಿಟ್ಟರೆ ಗೇರ್. ಮೂರನೇ ಒದೆತಕ್ಕೆ ಅದು ತಿರುಗಿ ನನಗೇ ಒದೆಯುತ್ತದೆ. ಆರನೆಯದಕ್ಕೆ ಹೊತ್ತಿಕೊಂಡಾಗ ಎದುರುಮನೆ ಅಜ್ಜಿ ಒಗೆದ ಬಟ್ಟೆಯನ್ನೆಲ್ಲ ಒಳಗೆ ಒಯ್ಯುತ್ತಾರೆ. ಹೊಗೆಸೊಪ್ಪಿನ ಸೀಮೆ ಇದು, ಹರಾಜು ಕಟ್ಟೆಯಲ್ಲಿ ಎಲೆಎಲೆಗೂ ಗ್ರೇಡು. ನನ್ನ ಗಾಡಿಯ ಹೊಗೆಯನ್ನು ಮಾತ್ರ ಯಾರೂ ಕೂಗುವುದಿಲ್ಲ.

ನಮ್ಮ ಮೆಕ್ಯಾನಿಕ್ ಮಹಾ ಆಶಾವಾದಿ. ‘ಇಂಜಿನ್ ಒಂದ್ಸಲ ಬಿಚ್‌ಬುಡನ ಮೇಷ್ಟ್ರೇ, ಆಮೇಲೆ ಹತ್ತು ವರ್ಸ ತಿರುಗಿ ನೋಡಂಗಿಲ್ಲ’ ಅನ್ನುತ್ತಾನೆ. ಅವನ ಪಂಚಾಂಗದಲ್ಲಿ ಹತ್ತು ವರ್ಷವೆಂದರೆ ಮುಂದಿನ ಸಂತೆ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದ್ದಾಯಿತು, ಕ್ರ್ಯಾಂಕು ಲೇತಿಗೆ ಹೋಗಿ ಬಂದದ್ದಾಯಿತು. ಸೈಲೆನ್ಸರಿನಲ್ಲಿ ಇದ್ದಿಲು ಕಟ್ಟಿಕೊಂಡಾಗ ಅದನ್ನು ಕಳಚಿ, ಗೆಳೆಯನ ತೋಟದಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಒಲೆಗೆ ಸೌದೆಯ ಜೊತೆ ತಳ್ಳಿ ಸುಟ್ಟದ್ದೂ ಆಯಿತು. ಈಗ ಪೆಟ್ರೋಲಿನಲ್ಲೇ ಶೇಕಡ 20 ಎಥೆನಾಲ್. ಕೆ.ಆರ್. ನಗರದ ಕಬ್ಬಿನ ಗದ್ದೆ ಪಕ್ಕ ಹಾಯುವಾಗ ನನ್ನ ಕಾರ್ಬುರೇಟರಿನ ರಬ್ಬರ್ ವಾಷರಿಗೆ ನಡುಕ. ಎಚ್.ಡಿ. ಕೋಟೆ ದಾಟಿ ಕಾಡಂಚಿಗೆ ಹೋಗುವುದಿದ್ದರೆ ಸೂರ್ಯನಿರುವಾಗಲೇ. ನನ್ನ ಹೆಡ್‌ಲೈಟಿನಲ್ಲಿ ಆನೆ ನನಗೆ ಕಾಣುವ ಮೊದಲು ನಾನು ಆನೆಗೆ ಕಾಣುತ್ತೇನೆ. ಇದರ ಮೇಲೆ ಸರ್ಕಾರದ ಪ್ರೀತಿ ಬೇರೆ: 20 ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣ ಶುಲ್ಕ 2025ರ ಆಗಸ್ಟಿನಲ್ಲಿ 2,000 ರೂಪಾಯಿಗೆ ಏರಿತು.

ಮೈಸೂರಿನ ಯಾದವಗಿರಿಯಲ್ಲಿ ಈ ಗಾಡಿ ಹುಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1960ರ ದಶಕದ ಆರಂಭದಿಂದ ಜಾವಾ, 1973ರಿಂದ ಯೆಜ್ಡಿ. ಎಂಬತ್ತರ ದಶಕದಲ್ಲಿ ಜಪಾನಿನ ನೂರು ಸಿಸಿ ಗಾಡಿಗಳು ಬಂದವು. ದೇಶಕ್ಕೆ ದೇಶವೇ ಬಂಕಿನ ಹುಡುಗನಾಗಿ ‘ಎಷ್ಟು ಕೊಡ್ತದೆ?’ ಎಂದು ಕೇಳಿತು. ಯೆಜ್ಡಿಯ ಬಾಯಲ್ಲಿ ಉತ್ತರವಿರಲಿಲ್ಲ. 1996ಕ್ಕೆ ಬಾಗಿಲು ಮುಚ್ಚಿತು. ಬೇರೆ ಕಾರಣಗಳೂ ಇದ್ದವು ಅನ್ನಿ, ಆದರೆ ಮೊದಲ ಕಲ್ಲು ಈ ಪ್ರಶ್ನೆಯದೇ.

ಅಂದು ಲೀಟರಿನ ಲೆಕ್ಕ ಹಾಕಿ ಯೆಜ್ಡಿ ಮಾರಿದವರೇ ಇಂದಿನ ಅಭಿಮಾನಿಗಳು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಅವತ್ತು ಚೆಂಡುಹೂವಿನ ಹಾರ, ಫೋಟೊ, ಕಣ್ಣೀರು. ಒಬ್ಬರಂತೂ ಗಾಡಿಯನ್ನು ಟೆಂಪೊದಲ್ಲಿ ತಂದು ಇಳಿಸಿದರು; ಓಡಿಸಿದರೆ ಸವೆಯುತ್ತದಂತೆ. ನನ್ನದನ್ನು ಮೇಲಿಂದ ಕೆಳಗೆ ನೋಡಿ ‘ಒರಿಜಿನಲ್ ಅಲ್ಲವಲ್ಲ’ ಎಂದರು. ಹೌದು ಸ್ವಾಮಿ, ನನ್ನ ಮಡ್‌ಗಾರ್ಡಿನ ಬೋಲ್ಟು ಔಷಧಿ ಹೊಡೆಯುವ ಸ್ಪ್ರೇಯರಿನದು. ಗುಜರಿಯಲ್ಲಿ ಕೆ.ಜಿ. ಲೆಕ್ಕಕ್ಕೆ ಸಿಗುತ್ತಿದ್ದ ಟ್ಯಾಂಕನ್ನು ನೀವೆಲ್ಲ ‘ಆಂಟಿಕ್’ ಮಾಡಿ ಬೈಠಕ್‌ಖಾನೆಯ ಗೋಡೆಗೆ ಹೊಡೆದ ಮೇಲೆ, ದಿನಾ ಓಡಿಸುವವನಿಗೆ ಉಳಿದಿರುವುದು ಸ್ಪ್ರೇಯರೇ.

ಹಳೆ ಹೆಸರಿನ ಹೊಸ ಯೆಜ್ಡಿ 2022ರಿಂದ ಮಾರುಕಟ್ಟೆಯಲ್ಲಿದೆ. ಗುಂಡಿ ಒತ್ತಿದರೆ ಸ್ಟಾರ್ಟು, ಹೊಗೆಯಿಲ್ಲ, ಒದೆಯುವುದಿಲ್ಲ. ಮಗ ತಗೋ ಎನ್ನುತ್ತಾನೆ. ಬೆಲೆ ವಿಚಾರಿಸಲು ಹೋಗಿದ್ದೆ. ಬಾಯಿಂದ ಮೊದಲು ಬಂದ ಮಾತು ‘ಎಷ್ಟು ಕೊಡ್ತದೆ?’ ನಾಚಿಕೆಯಾಗಿ ವಾಪಸ್ ಬಂದೆ.

ಓದುಗರಲ್ಲಿ ಒಂದು ವಿನಂತಿ. ಕಂಪಲಾಪುರದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಯಾರಾದರೂ ಕುಕ್ಕರಗಾಲಲ್ಲಿ ಕೂತು ಅಂಗಿಯ ಚುಂಗಿನಲ್ಲಿ ಪ್ಲಗ್ ಒರೆಸುತ್ತಿದ್ದರೆ, ಎಷ್ಟು ಕೊಡ್ತದೆ ಅಂತ ಕೇಳಬೇಡಿ. ಇಳಿದು ಒಂದು ಸಲ ತಳ್ಳಿ. ಸೆಕೆಂಡ್ ಗೇರಿನಲ್ಲಿ ಹಾಕಿರುತ್ತೇನೆ.