ಹೊಗೆಯಂತ್ರಕ್ಕೊಂದು ಬಹಿರಂಗ ಅಭಿನಂದನೆ

ಶ್ರೀಮಾನ್ ಫಾಗಿಂಗ್ ಯಂತ್ರದ ಸನ್ನಿಧಾನಕ್ಕೆ,

ಬೆಂಗಳೂರಿನ ನಮ್ಮ ಬೀದಿಯ ಸಮಸ್ತರ ಪರವಾಗಿ ಸಾಷ್ಟಾಂಗ ನಮಸ್ಕಾರ. ಸಾಷ್ಟಾಂಗ ಎಂದದ್ದು ಭಕ್ತಿಯಿಂದಲ್ಲ. ಹನ್ನೆರಡು ದಿನ ಮಂಚ ಹಿಡಿದಿದ್ದ ನನಗೆ ಸದ್ಯಕ್ಕೆ ಅದೊಂದೇ ಸಲೀಸು. ಡೆಂಗಿ ಬಂದವರ ಕೀಲುಗಳಿಗೆ ಬೇರೆ ನಮಸ್ಕಾರ ಬರುವುದಿಲ್ಲ.

ಮೊನ್ನೆ ಸಂಜೆ ತಾವು ಬೀದಿಗೆ ಚಿತ್ತೈಸಿದ ವೈಭವವನ್ನು ಕಣ್ತುಂಬ ಕಂಡೆ. ಏನು ಗುಡುಗು, ಏನು ಧೂಪ! ಹಿಂದೆ ಮಕ್ಕಳ ದಂಡು, ಮುಂದೆ ಮೊಬೈಲು ಹಿಡಿದ ಹಿಂಬಾಲಕರು, ನಡುವೆ ಹೊಗೆಯಲ್ಲೂ ಮುಖ ಕಾಣುವಂತೆ ಎಚ್ಚರದಿಂದ ನಿಂತ ಮುಖಂಡರು. ತೇರು ಬಂದರೆ ಬಾಗಿಲು ತೆರೆದು ಆರತಿ ಎತ್ತುವ ನಾವು, ತಾವು ಬಂದಾಗ ಮಾತ್ರ ಬಾಗಿಲು ಕಿಟಕಿಗಳನ್ನೆಲ್ಲ ದಬದಬನೆ ಮುಚ್ಚಿದೆವು. ಮಂಚದ ಕೆಳಗೆ, ಪರದೆಯ ಹಿಂದೆ, ಬೀರುವಿನ ಸಂದಿಯಲ್ಲಿ ವಿಶ್ರಮಿಸುತ್ತಿದ್ದ, ಡೆಂಗಿ ಹರಡುವ ಈಡಿಸ್ ಸೊಳ್ಳೆಗಳನ್ನು ಹಾಗೆ ಕಾಪಾಡಿಕೊಂಡೆವು. ಅತಿಥಿ ಸತ್ಕಾರದಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಹೊರಗೆ ಹಾರಾಡುತ್ತಿದ್ದ ನಾಲ್ಕು ಸೊಳ್ಳೆ ತಮ್ಮ ಪಾದ ಸೇರಿರಬಹುದು. ನೀರಿನೊಳಗೆ ಬಾಲ ಆಡಿಸುತ್ತಿದ್ದ ಅವುಗಳ ಸಂತಾನಕ್ಕೆ ತಾವು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ.

ತಮ್ಮನ್ನು ಕರೆಸಿದ್ದು ನಾನೇ ಎಂದು ಹೇಳಿಕೊಳ್ಳಲು ಹೆಮ್ಮೆ. ಕಣ್ಣುಗುಡ್ಡೆಯ ಹಿಂದೆ ಯಾರೋ ಗೂಟ ಹೊಡೆಯುತ್ತಿದ್ದರು, ಸೊಂಟವನ್ನು ಕಲ್ಲಿಗೆ ಬಡಿದು ಹಿಂಡಿ ಒಣಹಾಕಿದಂತಿತ್ತು. ಆ ಸ್ಥಿತಿಯಲ್ಲೂ ದೂರು ಬರೆದೆ: ಪಾಲಿಕೆ ಸರಿಯಿಲ್ಲ, ಚರಂಡಿ ಸರಿಯಿಲ್ಲ, ಎದುರುಮನೆಯವರು ಮೊದಲೇ ಸರಿಯಿಲ್ಲ.

ಡೆಂಗಿಯ ಎನ್‌ಎಸ್‌1 ಪರೀಕ್ಷೆ ಪಾಸಿಟಿವ್ ಬಂದ ದಿನದಿಂದ ನಮ್ಮ ಮನೆ ಷೇರುಪೇಟೆಯಾಯಿತು. ಬೆಳಗಾದರೆ ನೆಂಟರ ಫೋನು: 'ಇವತ್ತೆಷ್ಟು?' ಲಕ್ಷದ ಹತ್ತು ಸಾವಿರದಲ್ಲಿದ್ದ ಪ್ಲೇಟ್‌ಲೆಟ್ಟು 82 ಸಾವಿರಕ್ಕೆ ಬಿತ್ತು, 51ಕ್ಕೆ ಕುಸಿಯಿತು. ಎಲೆಯ ರಸ ಕುಡಿದರೆ ಅದು ಏರುತ್ತದೆಂಬ ನಂಬಿಕೆಗೆ ಹಿಂದಿನ ಬೀದಿಯ ಪಪ್ಪಾಯಿ ಗಿಡ ಎಲೆಯಿಲ್ಲದೆ ಕಂಬವಾಯಿತು. ಡಾಕ್ಟರು ಹೇಳಿದ್ದರಲ್ಲಿ ಏನೂ ರಂಗಿರಲಿಲ್ಲ: ಜ್ವರಕ್ಕೆ ಪ್ಯಾರಾಸಿಟಮಾಲ್, ಹೊಟ್ಟೆಗೆ ಗಂಜಿ, ಎಳನೀರು, ಓಆರ್‌ಎಸ್. ಮೈನೋವೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವಕ್ಕೆ ದಾರಿ. ಐದನೇ ದಿನ ಜ್ವರ ಇಳಿಯಿತು. ಮನೆಯಲ್ಲಿ ಪಾಯಸಕ್ಕೆ ಹಾಲಿಟ್ಟರು. ಡಾಕ್ಟರು ಗದರಿದರು: 'ಪರೀಕ್ಷೆ ಶುರುವಾಗೋದೇ ಈಗ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ, ಏನು ಕಂಡರೂ ತಕ್ಷಣ ಓಡಿಬನ್ನಿ.' ಜ್ವರ ಬಿಟ್ಟ ಮೇಲಿನ ಆ ಎರಡು ದಿನ ಜ್ವರಕ್ಕಿಂತ ಹೆಚ್ಚು ಹೆದರಿಸಿದವು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ತಾವು ಬಂದುಹೋದ ಮರುದಿನ ಆಶಾ ಕಾರ್ಯಕರ್ತೆ ಬಂದರು. ಅವರನ್ನು ಎರಡು ಸಲ ಗೇಟಿನಿಂದಲೇ ಸಾಗಹಾಕಿದ್ದೆ. ಈ ಸಲ ಎದ್ದು ಸಾಗಹಾಕುವ ತ್ರಾಣವಿರಲಿಲ್ಲ. 'ನಮ್ಮದು ತುಂಬಾ ಕ್ಲೀನ್ ಮನೆ ಕಣಮ್ಮ' ಎಂದೆ.

'ಅದಕ್ಕೇ ಸಾರ್ ಅದು ನಿಮ್ಮನೇಗೇ ಬರೋದು. ಅದಕ್ಕೆ ಕ್ಲೀನ್ ನೀರೇ ಬೇಕು' ಎಂದವರೇ ತಾರಸಿ ಹತ್ತಿದರು. ನಾನೂ ಗೋಡೆ ಹಿಡಿದು ಹಿಂದೆಯೇ ಹತ್ತಿದೆ.

ಅಲ್ಲಿ ಒಂದು ನೀಲಿ ಡ್ರಮ್ಮು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ತತ್ವಾರ ಬಂದಾಗ ಪೈಪೋಟಿಯಲ್ಲಿ ಕೊಂಡದ್ದು. ನಲ್ಲಿ ನೆಟ್ಟಗೆ ಬಂದಿದ್ದರೆ ಅದು ನಮ್ಮ ಮನೆ ಸೇರುತ್ತಲೇ ಇರಲಿಲ್ಲ, ಆ ಮಾತು ಬೇರೆ. ಈ ಬೇಸಿಗೆ ಕಳೆದ ಮೇಲೆ ನೀರು ಚೆಲ್ಲಿ ಬಾಯಿ ಮೇಲೆ ಮಾಡಿ ಇಟ್ಟಿದ್ದೆ, ಒಳಗೋಡೆ ಉಜ್ಜಿರಲಿಲ್ಲ. ನೀರಂಚಿನ ಗೋಡೆಗೆ ಅಂಟಿದ ಈಡಿಸ್ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದಂತೆ. ಮುಂಗಾರಿನ ಮಳೆ ಬಿತ್ತು, ಮೊಟ್ಟೆ ಒಡೆಯಿತು. ಆಕೆ ಟಾರ್ಚು ಬಿಟ್ಟು ತೋರಿಸಿದಾಗ, ಜ್ವರದಲ್ಲಿ ನಾನು ಶಪಿಸಿದ್ದ ಇಡೀ ಪಾಲಿಕೆ ಆ ಡ್ರಮ್ಮಿನೊಳಗೆ ಕುಣಿಯುತ್ತಿತ್ತು.

ಯಂತ್ರೋತ್ತಮರೇ, ನೀರು ಚೆಲ್ಲದೆ ಸೊಳ್ಳೆ ಸಾಕುವುದು ನಮ್ಮ ಊರಿನ ಹಳೆಯ ಚಾಳಿ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯ ಬೆಂಗಳೂರಿನಲ್ಲಿದ್ದ. ಕಿಟಕಿಯಾಚೆಯ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುವುದನ್ನು ಕಂಡು ತೊಟ್ಟಿ ಬೋರಲು ಹಾಕಿದ, ಸೊಳ್ಳೆಕಾಟ ನಿಂತಿತು. ಅಧಿಕಾರಿಗಳ ಮೆಸ್ಸಿನಲ್ಲೂ ಹಾಗೇ ಮಾಡೋಣವೆಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆ ಸೃಷ್ಟಿಯಾಗಿರುವುದಕ್ಕೆ ಏನೋ ಉದ್ದೇಶವಿದೆ, ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂದುಬಿಟ್ಟ. ಮುಂದೆ ಮಲೇರಿಯಾದ ಗುಟ್ಟು ಬಿಡಿಸಿದ ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ಆ ಅಧಿಕಾರಿಯ ಸಂತತಿ ಮಾತ್ರ ಇಲ್ಲೇ ಉಳಿಯಿತು. ನಮ್ಮ ತಾರಸಿಯಲ್ಲೇ ಒಬ್ಬನಿದ್ದ.

2024ರಲ್ಲಿ ಸರ್ಕಾರ ಸೊಳ್ಳೆ ಸಾಕುವವರಿಗೆ ದಂಡವನ್ನೂ ಗೊತ್ತುಮಾಡಿತು: ನಗರದ ಮನೆಗೆ 400 ರೂಪಾಯಿ, ಕಟ್ಟಡ ಕಟ್ಟುವ ಜಾಗಕ್ಕೆ 2000. ನಾನು ಎಳನೀರಿಗೇ ಅದಕ್ಕಿಂತ ಹೆಚ್ಚು ಸುರಿದಿದ್ದೇನೆ. ಅದರ ಮೇಲೆ 'ಒಮ್ಮೆ ಬಂದರೆ ಮತ್ತೆ ಬರಲ್ಲ ಬಿಡಿ' ಎಂಬ ನೆಂಟರ ಸಮಾಧಾನ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ನನಗೆ ಒಂದರ ಋಣ ಮಾತ್ರ ತೀರಿದೆ. ಎರಡನೆಯದು ಬಂದರೆ ಇನ್ನೂ ಉಗ್ರವಾಗುವ ಸಂಭವ ಹೆಚ್ಚು.

ಆದ್ದರಿಂದ ನಮ್ಮ ಮನೆಯಲ್ಲಿ ಈಗ ಶುಕ್ರವಾರದ ವ್ರತ ಶುರುವಾಗಿದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ ಬೇಕಂತೆ. ಏಳನೇ ದಿನಕ್ಕೇ ಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಬಕೆಟ್ಟು ಎಲ್ಲ ಚೆಲ್ಲಿ ಉಜ್ಜುವುದು. ಈ ವ್ರತಕ್ಕೆ ಗುಡುಗಿಲ್ಲ, ಧೂಪವಿಲ್ಲ. ನಾನು ತೆಂಗಿನ ನಾರು ಹಿಡಿದು ಕೂತ ಭಂಗಿಯ ಫೋಟೋ ತೆಗೆಯಲು ಯಾವ ಮುಖಂಡರೂ ಬಂದಿಲ್ಲ.

ತಮಗಾಗಿ ಬೀದಿಯವರೆಲ್ಲ ಸನ್ಮಾನ ಇಟ್ಟುಕೊಂಡಿದ್ದಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ ಅವರದು, ಸಿಂಹಾಸನ ನನ್ನದು. ನೀಲಿ ಡ್ರಮ್ಮನ್ನು ಉಜ್ಜಿ ಬೋರಲು ಹಾಕಿದ್ದೇನೆ. ದಯಮಾಡಿ ಅದರ ಮೇಲೆ ವಿರಾಜಮಾನರಾಗಬೇಕು. ಅದು ಬೋರಲಾಗಿರುವವರೆಗೂ ಈ ತಾರಸಿಗೆ ತಮ್ಮ ಹೊಗೆ ಬೇಕಾಗಲಾರದು.

ಇಂತಿ,
ಮೂರು ಬಗೆ ಬಾಕಿಯಿರುವ
ತಮ್ಮ ಭಕ್ತ